ಪಂಚಮಿಗೆ ಕರೆಯಲು ಹೋದ ಕಾರು

ಆ ಎಂಜಿನ್ನಿನ ಸದ್ದು ನೆನಪಾದರೆ ಈ ವಯಸ್ಸಿನಲ್ಲೂ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ಅದರ ಬೆನ್ನಿಗೇ ನಾಚಿಕೆಯೂ ಬರುತ್ತದೆ.

ಎಪ್ಪತ್ತರ ದಶಕದ ಕೊನೆ. ಮೆಟ್ರಿಕ್ ಮುಗಿಸಿ ಗದಗಿನಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಹತ್ತಿ ವ್ಯಾಪಾರಿಯೊಬ್ಬರ ಹಿತ್ತಲಲ್ಲಿ ತಾಡಪತ್ರಿ ಹೊದ್ದು ಒಂದು ಹಳೆಯ ಸ್ಪೋರ್ಟ್ಸ್ ಕಾರು ಬಿದ್ದಿತ್ತು. ಮೇಲೆ ಚಾವಣಿಯಿಲ್ಲ, ಎರಡೇ ಸೀಟು, ಉದ್ದ ಮೂತಿ. ಅವರಿಗೆ ಜಾಗ ಬೇಕಾದಾಗ "ಎಳಕೊಂಡು ಹೋಗೋ, ಪೀಡಾ ಹೋಗ್ಲಿ" ಎಂದರು. ಎತ್ತು ಕಟ್ಟಿ ಪಕ್ಕದ ಬೆಟಗೇರಿಗೆ ಎಳೆದು ತಂದೆ.

ಅಲ್ಲಿ ಲೋಹ ಕಡೆಯುವ ಲೇತ್ ಮಷಿನ್ ಇಟ್ಟಿದ್ದ ಚಾಚಾ ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ಹುಚ್ಚಿನಲ್ಲಿ ಒಂದು ಕೈ ಮೇಲು. ಬೇರೆ ಯಾರಿಗಾದರೂ ಕಾರು ಓಡಿದ್ದರೆ ಸಾಕಿತ್ತು. ನಮಗೆ ಅದು ಹಾರಬೇಕಿತ್ತು. ಸಿಲಿಂಡರುಗಳನ್ನು ಕೊರೆದು ಅಗಲ ಮಾಡಿ ದೊಡ್ಡ ಪಿಸ್ಟನ್ ಕೂರಿಸಿದೆವು. ಒಂದು ಕಾರ್ಬುರೇಟರ್ ಇದ್ದಲ್ಲಿ ಎರಡು ಹಾಕಿದೆವು. ಉಳಿದದ್ದು ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡು. ಅದರ ತಳವನ್ನು ಒಂದಿಷ್ಟು ಹೆರೆದರೆ ಗಾಳಿ ಬೆರೆತ ಪೆಟ್ರೋಲು ಇನ್ನೂ ಬಿಗಿಯಾಗಿ ಒತ್ತಿಕೊಂಡು, ಇನ್ನೂ ಜೋರಾಗಿ ಸಿಡಿಯುತ್ತದೆ. ಹೆರೆದ ಲೋಹದ ಸಿಪ್ಪೆ ಹೊಳೆಯುತ್ತ ಉದುರುವುದನ್ನು ನೋಡುವಾಗ ನನಗೆ ಊಟದ ನೆನಪೂ ಬರುತ್ತಿರಲಿಲ್ಲ.

ಅಷ್ಟರಲ್ಲಿ ಶ್ರಾವಣ ಬಂತು. ಮದುವೆಯಾದ ಮೇಲೆ ತಂಗಿಗೆ ಅದು ಮೊದಲ ಪಂಚಮಿ. ಮುಂಡರಗಿಯ ಅತ್ತೆಮನೆಯಿಂದ ಅಣ್ಣನೇ ಹೋಗಿ ಕರೆತರಬೇಕು; ಕರೆಯಲು ಯಾರೂ ಬಾರದ ಸೊಸೆ ಓಣಿಯವರ ಬಾಯಿಗೆ ಬೀಳುತ್ತಾಳೆ. ನಾನೋ, "ಕಾರಿನಾಗ ಕರಕೊಂಡು ಬರ್ತೇನಿ, ಓಣಿಗೆ ಓಣಿನ ನೋಡ್ಬೇಕು" ಎಂದು ಮೊದಲೇ ಜಂಬ ಕೊಚ್ಚಿದ್ದೆ.

ಹೋಗಬೇಕಾದ ದಿನ ಹೆಡ್ಡು ಇನ್ನೂ ಮಷಿನ್ನಿನ ಮೇಲಿತ್ತು.

"ಬಸ್ಸಿಗೆ ಹೋಗಿ ತಂಗೀನ ಕರಕೊಂಡು ಬಾರೋ ತಮ್ಮಾ," ಎಂದರು ಚಾಚಾ. ಕಣ್ಣು ಮಾತ್ರ ಮಷಿನ್ ಬಿಡಲಿಲ್ಲ.

"ನಾ ಹೋದ್ರ ನೀವೊಬ್ರ ಚಾಲೂ ಮಾಡಿಬಿಡ್ತೀರಿ."

"ಮತ್ತ ಬಿಡ್ತೇನೇನು!"

ನಾನು ಹೋಗಲಿಲ್ಲ. ಮುಂಡರಗಿ ಬಸ್ಸಿನ ಕಂಡಕ್ಟರನಿಗೆ ಹೇಳಿ ಕಳಿಸಿದೆ: "ಅಣ್ಣಗ ಜ್ವರಾ ಬಂದಾವು, ಆರಾಮಾದ ಮ್ಯಾಲೆ ಬರ್ತಾನ ಅಂತ ಹೇಳ್ರಿ."

ಮರುದಿನ ಸಂಜೆ ಎಂಜಿನ್ ಎದ್ದಿತು. ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಒಮ್ಮೆಲೇ ಗುಡುಗಿತು! ತಗಡಿನ ಚಾವಣಿ ನಡುಗಿತು. ಚಾಚಾ ಟೊಪ್ಪಿಗೆ ತೆಗೆದು ಮೇಲಕ್ಕೆ ತೂರಿದರು. ಬೆಳಗಾಗುವುದನ್ನೇ ಕಾದು ನಾನು ಮುಂಡರಗಿಗೆ ಹೊರಟೆ.

ಊರು ದಾಟಿ ಪೆಡಲ್ ಒತ್ತಿದಾಗ ಬೆನ್ನು ಸೀಟಿಗೆ ಅಂಟಿಕೊಂಡಿತು. ಬೇವಿನ ಮರಗಳು ಹಿಂದಕ್ಕೆ ಓಡಿದವು. ಎರೆ ಹೊಲದಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದವರು ಎದ್ದು ನಿಂತು ನೋಡಿದರು. ನಾನು ಒಬ್ಬನೇ ಕೂಗಿದೆ, ಹಾಡಿದೆ. ಡಂಬಳದ ಹತ್ತಿರ ರಸ್ತೆಯ ಅರ್ಧಕ್ಕೆ ಮಳೆನೀರು ನಿಂತಿತ್ತು. ಎದುರಿಗೆ ಮುಂಡರಗಿಯಿಂದ ಬರುವ ಬಸ್ಸು. ನಿಧಾನ ಮಾಡಬಹುದಿತ್ತು. ಮಾಡಲಿಲ್ಲ. ಕೆಸರುನೀರು ಎದ್ದು ಬಸ್ಸಿನ ಕಿಟಕಿಗಳಿಗೆ ಬಡಿಯಿತು. ಒಂದು ಕಿಟಕಿಯಿಂದ ಬಳೆ ತುಂಬಿದ ಕೈಯೊಂದು ಹೊರಬಂದು ಜೋರಾಗಿ ಆಡಿತು. ನನ್ನ ಕಾರಿಗೆ ಶಹಬ್ಬಾಸ್ ಹೇಳುತ್ತಿದ್ದಾರೆಂದು ನಾನೂ ಕೈ ಎತ್ತಿ ಬೀಸಿದೆ.

ಮುಂಡರಗಿಯಲ್ಲಿ ತಂಗಿಯ ಅತ್ತೆ ಬಾಗಿಲಲ್ಲೇ ಗಾಬರಿಯಾದರು. "ಯಪ್ಪಾ, ನೀ ಹೆಂಗ ಬಂದಿ? ಜ್ವರಾ ಅಂತ ಕೇಳಿ ಆಕಿ ಎರಡು ರಾತ್ರಿ ಅತ್ತಾಳ. ನಾನ ಇವತ್ತ ಮುಂಜಾನೆ ಬಸ್ಸು ಹತ್ತಿಸಿದೆ. ಅಮೃತಬಳ್ಳಿ ಕಟ್ಟಿಕೊಟ್ಟೇನಿ, ಕಷಾಯ ಮಾಡಾಕ."

ಆ ಬಳೆಯ ಕೈ ಯಾರದೆಂದು ಆಗ ಗೊತ್ತಾಯಿತು.

"ಜ್ವರಾ ಈಗ ಇಳದಾವ್ರಿ," ಎಂದು ತೊದಲಿ, ನೀರೂ ಕುಡಿಯದೆ ತಿರುಗಿದೆ.

ಗದಗಿನ ಮನೆಗೆ ಬಂದರೆ ತಂಗಿ ಬಚ್ಚಲ ಕಲ್ಲಿನ ಮೇಲೆ ಪಂಚಮಿಗೆಂದು ಉಟ್ಟಿದ್ದ ಹೊಸ ಸೀರೆಯ ಕೆಸರು ತಿಕ್ಕುತ್ತಿದ್ದಳು. ಅವ್ವ ಬೈಯುತ್ತಿದ್ದಳು: "ಅಣ್ಣ ಬರೂತನಕ ತಡ್ಯಾಕ ಆಗ್ಲಿಲ್ಲೇನ? ಕರೀದ ಬಂದ್ಲು ಅಂತಾರ ಮಂದಿ!"

ತಂಗಿ ನನ್ನತ್ತ ನೋಡಿದಳು. "ತಪ್ಪಾತು ಬೇ. ನಿನ್ನ ನೋಡ್ಬೇಕು ಅನಿಸ್ತು, ಬಂದೆ." ಜ್ವರದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವ್ವ ಒಳಗೆ ಹೋದಮೇಲೆ ಮೆಲ್ಲಗೆ ಕೇಳಿದಳು: "ಎಷ್ಟ್ ಜೋರ ಓಡ್ತೈತೋ ಅದು?"

ಹಬ್ಬ ಮುಗಿದ ಮೇಲೆ ತಂಗಿಯನ್ನು ಕಾರಿನಲ್ಲೇ ಬಿಡಲು ಹೋದೆ. "ಬಿಡೋ ಅಣ್ಣಾ, ಇನ್ನಾ ಜೋರ ಬಿಡು!" ಎಂದು ಸೆರಗು ಹಲ್ಲಲ್ಲಿ ಕಚ್ಚಿಕೊಂಡು ನಕ್ಕಳು. ಬಿಟ್ಟೆ. ಡಂಬಳದ ನೀರು ಕಂಡಾಗ ಮಾತ್ರ ಕಾಲು ತಾನಾಗಿ ಬ್ರೇಕಿಗೆ ಹೋಯಿತು.

ಅತ್ತೆಮನೆಯಲ್ಲಿ ಎಲ್ಲರ ತಟ್ಟೆಗೂ ಹೋಳಿಗೆ ಬಿತ್ತು. ನನ್ನ ಮುಂದೆ ಗಂಜಿ ಬಂತು. "ಜ್ವರಾ ಬಿಟ್ಟ ಹೊಟ್ಟಿ, ಹೋಳಿಗಿ ಬ್ಯಾಡ ತಮ್ಮಾ. ಭಾಳ ಇಳದೀಯಪಾ," ಎಂದು ತಂಗಿಯ ಅತ್ತೆ ನನ್ನ ಹಣೆ ಮುಟ್ಟಿ ನೋಡಿದರು. ಅಲ್ಲೇ ನಿಜ ಹೇಳಿಬಿಡಬಹುದಿತ್ತು. ಬಟ್ಟಲೆತ್ತಿ ಕುಡಿದೆ.

ಬಡಿಸುತ್ತಿದ್ದ ತಂಗಿ ತಲೆ ಎತ್ತಲಿಲ್ಲ. "ಇನ್ನೀಟು ಹಾಕ್ಲೇನೋ ಅಣ್ಣಾ?" ಎಂದು, ನಾನು ಉತ್ತರ ಕೊಡುವ ಮೊದಲೇ ಬಟ್ಟಲು ತುಂಬ ಗಂಜಿ ಸುರಿದಳು.