ಖಾನಾಪುರ ಶಾಖೆಯ ಮಧ್ಯಾಹ್ನದ ಬೀಗ

ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಓಣಿಯಲ್ಲಿ ನಾನು ಪುಣ್ಯವಂತನೆಂಬ ಮಾತಿದೆ. "ಸಾಹೇಬ್ರದು ಆರಾಮ ನೌಕರಿ, ದಿನಾ ಪುಸ್ತಕ ಓದ್ಕೋತ ಕುಂದರೂದು" ಎಂದು ಬಾಜು ಮನೆಯವರು ಬಂದವರಿಗೆಲ್ಲ ಹೇಳುತ್ತಾರೆ. ಗ್ರಂಥಾಲಯಗಳ ಉಪನಿರ್ದೇಶಕನಾದ ಮೇಲೆ ಕಚೇರಿಯಲ್ಲಿ ಕೂತು ನಾನು ಒಂದು ಪುಸ್ತಕವನ್ನೂ ಪೂರ್ತಿ ಓದಿಲ್ಲ. ಓದುವುದೆಲ್ಲ ಕಡತ. ಸೋರುವ ಮಾಳಿಗೆ, ಕಾಲು ಮುರಿದ ಕುರ್ಚಿ, ಕನ್ನಡ ಪತ್ರಿಕೆಯ ಮೇಲೆ ಮರಾಠಿ ಪತ್ರಿಕೆ ಇಟ್ಟರೆಂಬ ದೂರು, ಮರಾಠಿಯ ಮೇಲೆ ಕನ್ನಡ ಇಟ್ಟರೆಂಬ ಮರುದೂರು. ಪುಸ್ತಕ ಆರಿಸುವ ಸಭೆಯಲ್ಲಿ ಕೂಡ ನಾನು ನೋಡುವುದು ಪುಸ್ತಕದ ಬೆನ್ನನ್ನು ಮಾತ್ರ. 'ಉಪ' ಎಂಬುದನ್ನು ಜನ ನುಂಗಿಬಿಟ್ಟು ಡೈರೆಕ್ಟರ್ ಸಾಹೇಬರು ಅನ್ನುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ.

ಈ ಕೆಲಸದಲ್ಲಿ ನನಗೆ ಖುಷಿ ಕೊಡುವುದೆಂದರೆ ಹೇಳದೆ ಕೇಳದೆ ಹೋಗಿ ಮಾಡುವ ತಪಾಸಣೆ. ಒಂದು ದಿನ ಮಧ್ಯಾಹ್ನ ಹಾಗೇ ಖಾನಾಪುರಕ್ಕೆ ಹೊರಟೆ. ದಾರಿಯಲ್ಲಿ ಮಚ್ಛೆಯ ಹತ್ತಿರ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು ತಲುಪುವಷ್ಟರಲ್ಲಿ ಒಂದು ಗಂಟೆ ದಾಟಿತ್ತು. ನಮ್ಮ ಶಾಖೆಗಳು ಹನ್ನೊಂದೂವರೆಗೆ ಮುಚ್ಚಿ ಮತ್ತೆ ತೆರೆಯುವುದು ನಾಲ್ಕಕ್ಕೆ. ಬಾಗಿಲಿಗೆ ದೊಡ್ಡ ಬೀಗ ಬಿದ್ದಿತ್ತು; ಅದು ನಿಯಮದ ಪ್ರಕಾರ ಸರಿಯೇ. ಆದರೆ ಒಳಗಿನಿಂದ ಫ್ಯಾನಿನ ಸದ್ದು ಬರುತ್ತಿತ್ತು. ಸರಕಾರದ ಕರೆಂಟು ಹೀಗೆ ಸುಡುತ್ತಾರಲ್ಲ ಎಂದು ಸಿಟ್ಟಿನಿಂದ ಕಿಟಕಿಗೆ ಹೋಗಿ ಬಗ್ಗಿದೆ. ಸರಳಿನ ಆಚೆ ನಾಲ್ಕೈದು ಹುಡುಗಿಯರು ತಲೆ ತಗ್ಗಿಸಿ ಓದುತ್ತಿದ್ದರು. ನನ್ನ ಮುಖ ಕಂಡದ್ದೇ ಒಬ್ಬಳು ಎದ್ದು ಫ್ಯಾನು ಬಂದ್ ಮಾಡಿದಳು, ಉಳಿದವರು ಕಪಾಟಿನ ಹಿಂದೆ ಸರಿದರು.

ಮೇಲ್ವಿಚಾರಕರ ಮನೆ ಎರಡು ಓಣಿ ಆಚೆ. ಡ್ರೈವರ್ ಹೋಗಿ ಕರೆತಂದಾಗ ಅವರ ಬೆರಳಿಗೆ ಪಲ್ಲೆಯ ಎಣ್ಣೆ ಇನ್ನೂ ಮೆತ್ತಿಕೊಂಡಿತ್ತು.

"ಇದೇನ್ರಿ? ಮಂದಿನ್ನ ಒಳಗ ಹಾಕಿ ಕೀಲಿ ಜಡದೀರಿ?"

"ವ್ಯಾಳ್ಯಾ ಪ್ರಕಾರ ಬಂದ್ ಮಾಡೀನ್ರಿ ಸಾಹೇಬ್ರ" ಎಂದರು ಅವರು, ತಪ್ಪೇನೆಂದು ತಿಳಿಯದವರ ಹಾಗೆ. "ಬಾಗಲಾ ಮುಚ್ಚಬೇಕು ಅಂತ ಐತ್ರಿ. ಒಳಗಿದ್ದವರನ್ನ ಹೊರಗ ಹಾಕಬೇಕು ಅಂತ ಎಲ್ಲೂ ಬರದಿಲ್ಲ."

ಇಪ್ಪತ್ತು ವರ್ಷ ನಿಯಮಗಳ ಜೊತೆ ಬಾಳಿದವರಿಗೆ ಮಾತ್ರ ಹೊಳೆಯುವ ಉತ್ತರ ಅದು. ನನಗೆ ನಗು ಬರುವುದರಲ್ಲಿತ್ತು, ತಡೆದುಕೊಂಡೆ. ಬಾಗಿಲು ತೆರೆಸಿ ಹುಡುಗಿಯರನ್ನು ವಿಚಾರಿಸಿದೆ. ಫ್ಯಾನು ಆರಿಸಿದವಳು ಪಾರಿಶ್ವಾಡವೆಂಬ ಹಳ್ಳಿಯವಳು, ಗ್ರಾಮ ಆಡಳಿತಾಧಿಕಾರಿ ಪರೀಕ್ಷೆಗೆ ಓದುತ್ತಿದ್ದಳು. ಅವಳ ಬಸ್ಸು ಖಾನಾಪುರಕ್ಕೆ ಬರುವುದು ಹತ್ತಕ್ಕೆ, ವಾಪಸು ಹೊರಡುವುದು ನಾಲ್ಕೂವರೆಗೆ. ನಮ್ಮ ವೇಳೆಯಂತೆ ಹೋದರೆ ಅವಳಿಗೆ ಓದಲು ಸಿಗುವುದು ಅರ್ಧ ಹೊಟ್ಟೆಯ ಊಟದಷ್ಟು. ಈ ಸಲ ಪಾಸಾಗದಿದ್ದರೆ ಬಂದ ಸಂಬಂಧಕ್ಕೆ ಒಪ್ಪಬೇಕು ಎಂದು ಮನೆಯಲ್ಲಿ ಮಾತಾಗಿದೆಯಂತೆ. ಅದನ್ನು ಅವಳು ಬಸ್ಸಿನ ವೇಳೆ ಹೇಳಿದ ದನಿಯಲ್ಲೇ ಹೇಳಿದಳು.

ನನ್ನ ಕಣ್ಣಿಗೆ ಕಂಡದ್ದು ಬೇರೆ. ಸುತ್ತ ಕಾಗದ, ಹಳೆಯ ವೈರು, ಹೊರಗಿನಿಂದ ಬೀಗ. ಒಂದು ಕಿಡಿ ಬಿದ್ದರೆ ಯಾರೂ ಉಳಿಯುವುದಿಲ್ಲ. ಅಂಥ ದಿನ ಉತ್ತರ ಹೇಳಲು ಎದ್ದು ನಿಲ್ಲಬೇಕಾದವನು ನಾನು. ಇನ್ನು ಮುಂದೆ ಯಾರನ್ನೂ ಒಳಗೆ ಹಾಕಿ ಬೀಗ ಹಾಕಕೂಡದು ಎಂದು ಮೇಲ್ವಿಚಾರಕರಿಗೆ ಕಟ್ಟುನಿಟ್ಟಾಗಿ ಹೇಳಿದೆ. ಬೆಳಗಾವಿಗೆ ಬಂದು, ಖಾನಾಪುರ ಶಾಖೆಯನ್ನು ಮಧ್ಯಾಹ್ನವೂ ತೆರೆದಿಡಲು 'ಪ್ರಾಯೋಗಿಕವಾಗಿ' ಆದೇಶ ಮಾಡಿದೆ. ಮೇಲಿನವರು ಕೇಳಿದರೆ ಬೆನ್ನು ಕಾಯುವ ಪದ ಅದು. ಮೇಲ್ವಿಚಾರಕರು ಮನಸ್ಸಿಲ್ಲದಿದ್ದರೂ ಬುತ್ತಿ ಕಟ್ಟಿಕೊಂಡು ಬರತೊಡಗಿದರು. ಒಳ್ಳೆಯ ಕೆಲಸ ಮಾಡಿದೆನೆಂದು ನಾನು ನೆಮ್ಮದಿಯಾಗಿದ್ದೆ.

ಮುಂದಿನ ತಿಂಗಳು ಹೋದಾಗ ಬಾಗಿಲು ಹಾರು ಹೊಡೆದು ತೆರೆದಿತ್ತು. ಬಸ್ಸು ಕಾಯುವವರು, ಸಂತೆಗೆ ಬಂದವರು, ಪತ್ರಿಕೆಯನ್ನು ಮುಖದ ಮೇಲೆ ಹೊದ್ದು ನಿದ್ದೆ ಹೊಡೆಯುವವರು ಕುರ್ಚಿ ತುಂಬ ಇದ್ದರು. ಒಬ್ಬ ಹುಡುಗಿಯೂ ಇರಲಿಲ್ಲ.

"ಬರೂದ ಬಿಟ್ಟಬಿಟ್ರರಿ" ಎಂದರು ಮೇಲ್ವಿಚಾರಕರು. "ಕೀಲಿ ಇತ್ತಂತ ಮನ್ಯಾಗಿನವರು ಕಳಸ್ತಿದ್ರು. ಈಗ ಬಾಗಲಾ ತೆರದೈತಿ, ಯಾವ್ಯಾವ ಗಂಡಸರು ಬರ್ತಾರೋ ಅಂತ ಬ್ಯಾಡ ಅಂದ್ರಂತ."

ಮೊದಲು ನಂಬಲಿಲ್ಲ. ಬೀಗದ ಸಲುವಾಗಿ ಮಗಳನ್ನು ಓದಲು ಕಳಿಸುವುದೆಂದರೇನು? ಹಟಕ್ಕೆ ಬಿದ್ದು ಮೇಲ್ವಿಚಾರಕರನ್ನೇ ಕರೆದುಕೊಂಡು ಪಾರಿಶ್ವಾಡಕ್ಕೆ ಹೋದೆ. ಫ್ಯಾನು ಆರಿಸಿದ ಹುಡುಗಿಯ ತಂದೆ ಮಚ್ಛೆಯ ಕಾರಖಾನೆಯೊಂದರಲ್ಲಿ ದುಡಿಯುತ್ತ ಅಲ್ಲೇ ಬಾಡಿಗೆ ಖೋಲಿ ಮಾಡಿಕೊಂಡಿದ್ದರು, ವಾರಕ್ಕೊಮ್ಮೆ ಊರಿಗೆ. ಮನೆಯ ಮಾತು ತಾಯಿಯದೇ. ಅವರು ಪಡಸಾಲೆಯಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಹಿತ್ತಲಲ್ಲಿ ಕುರಿಮರಿಗಳು ಒದರುತ್ತಿದ್ದವು.

"ಕುಂದರ್ರಿ ಸಾಹೇಬ್ರ" ಎಂದು ಚಾಪೆ ಹಾಸಿ, ಮಗಳಿಗೆ ಚಹಾ ಇಡಲು ಹೇಳಿದರು. ಮನೆಯಲ್ಲಿ ಓದಲು ಆಗುವುದಿಲ್ಲವೇ ಎಂದು ನಾನು ಕೇಳಿದೆ.

"ಮನ್ಯಾಗ ಪುಸ್ತಕ ಹಿಡದ್ರ ಖಾಲಿ ಕುಂತಾಳ ಅಂತಾರ್ರಿ" ಎಂದಳು ಮಗಳು ಒಲೆಯ ಕಡೆಯಿಂದ. "ನೀರ ತಾ, ಕುರಿ ಕಟ್ಟು, ಬಂದವರಿಗೆ ಚಾ ಮಾಡು."

ಆ ಚಹಾಕ್ಕೆ ಕಾರಣ ನಾನೇ. ತಾಯಿಗೆ ಬೆಂಕಿಯ ಮಾತು ಬಿಡಿಸಿ ಹೇಳಿದೆ. "ಹೊರಗ ಕೀಲಿ ಇದ್ದು ಒಳಗ ಬೆಂಕಿ ಹತ್ತಿದ್ರ ಪಾರಾಗಾಕ ದಾರಿ ಇಲ್ಲವ್ವಾ."

"ಮಂದಿ ಬಾಯಾಗ ಬಿದ್ರ ಅದಕ್ಕೂ ದಾರಿ ಇಲ್ಲರಿ" ಎಂದರು ಅವರು, ಜೋಳದಿಂದ ಕಣ್ಣು ತೆಗೆಯದೆ. "ನಿಮ್ಮ ಮಗಳು ದಿನಪೂರ್ತಿ ಖಾನಾಪುರದಾಗ ಏನ ಮಾಡ್ತಾಳ ಅಂತ ಯಾರರ ಕೇಳಿದ್ರ, ಕೀಲ್ಯಾಗ ಇರ್ತಾಳ ಅಂತಿದ್ದೆ. ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದೈತ್ರಿ? ನೀವ ಬಂದ್ರಿ, ಸಾಕ್ಷಿ ಕಿತ್ತ ಒಗದ್ರಿ."

ನನಗೆ ಆಕೆಯ ಮೇಲೆ ಸಿಟ್ಟು ಬಂತು. ಆ ಗಳಿಗೆಗೆ ಹೊಳೆದದ್ದನ್ನು ಹೇಳಿದೆ. ಮಧ್ಯಾಹ್ನ ಗಂಡಸರನ್ನು ಯಾರನ್ನೂ ಒಳಗೆ ಬಿಡುವುದಿಲ್ಲ, ಮೇಲ್ವಿಚಾರಕರೂ ಊಟಕ್ಕೆ ಹೋಗುತ್ತಾರೆ, ಹುಡುಗಿಯರು ಒಳಗಿನಿಂದ ಚಿಲಕ ಹಾಕಿಕೊಳ್ಳಲಿ.

"ಒಳಗಿಂದ?" ಆಕೆಯ ಕೈ ನಿಂತಿತು. "ಒಳಗಿನ ಚಿಲಕ ಯಾರ ಕಣ್ಣಿಗೆ ಕಾಣತೈತ್ರಿ? ಮನಸ್ಸಿಗೆ ಬಂದಾಗ ತೆಗದ ಹೋಗಬಹುದು, ಬರಬಹುದು."

ಮಗಳು ಚಹಾದ ಬಟ್ಟಲುಗಳನ್ನು ನಮ್ಮ ಮುಂದೆ ಇಟ್ಟು ನಿಂತಳು. "ಯವ್ವಾ, ಕೀಲಿ ಒಳಗರ ಇರ್ಲಿ, ಹೊರಗರ ಇರ್ಲಿ. ನನಗ ಕುಂತ ಓದಾಕ ಜಾಗ ಬೇಕು. ಪರೀಕ್ಷಾ ನನ್ನ ಸಲುವಾಗಿ ನಿಂದರೂದಿಲ್ಲ." ನನ್ನ ಕಡೆ ಅವಳು ನೋಡಲೂ ಇಲ್ಲ. ನನ್ನ ಆದೇಶದಿಂದ ಓದಿಲ್ಲದೆ ಕಳೆದ ಆ ಒಂದು ತಿಂಗಳು ಅವಳ ಲೆಕ್ಕದಲ್ಲಿ ಎಷ್ಟು ದೊಡ್ಡದೆಂದು ಆಗ ನನಗೆ ಅರಿವಾಯಿತು.

ತಾಯಿ ಮೊರವನ್ನು ಪಕ್ಕಕ್ಕೆ ಸರಿಸಿದರು. ಕೊನೆಗೆ, "ನಾನೂ ಬಂದು ಕಣ್ಣಿಲೆ ನೋಡ್ತೀನಿ, ಆಮ್ಯಾಲ ಹೇಳ್ತೀನಿ" ಎಂದರು.

ನಾನು ಬೆಳಗಾವಿಗೆ ಮರಳಿ ಆದೇಶ ತಿದ್ದಿ ಕಳಿಸಿದೆ. ಅವರು ನಿಜವಾಗಿಯೂ ಬಂದರಂತೆ. ಒಂದು ವಾರ ಮಗಳ ಜೊತೆ ಬಸ್ಸು ಹತ್ತಿ ಬಂದು, ಚಿಲಕದ ಪಕ್ಕದಲ್ಲೇ ಗೋಡೆಗೆ ಆತು ಕೂತರಂತೆ. ಯಾರೂ ಹೊರಗೆ ಹೋಗಲಿಲ್ಲ, ಯಾರೂ ಒಳಗೆ ಬರಲಿಲ್ಲ. ಎಂಟನೆಯ ದಿನ ಮಗಳೊಬ್ಬಳೇ ಬಂದಳು. ಉಳಿದ ಹುಡುಗಿಯರ ಮನೆಗಳಿಗೆ ಸುದ್ದಿ ಮುಟ್ಟಿಸಿದವರು ಆ ತಾಯಿಯೇ ಎಂದು ಮೇಲ್ವಿಚಾರಕರು ಫೋನಿನಲ್ಲಿ ತಿಳಿಸಿದರು. ಅವರ ದನಿಯಲ್ಲಿ ಮನೆಯೂಟ ಮರಳಿ ಸಿಕ್ಕ ಸಂತೋಷವೂ ಇತ್ತು. ನಿದ್ದೆಗೆ ಜಾಗ ಕಳೆದುಕೊಂಡ ಗಂಡಸರು ಅನ್ಯಾಯವಾಗಿದೆ ಎಂದು ನನಗೆ ಅರ್ಜಿ ಬರೆದರು. 'ಪರಿಶೀಲನೆಯಲ್ಲಿದೆ' ಎಂದು ಬರೆದು ಕಳಿಸಿದೆ. ಈ ನಮ್ಮ ಮಾತು ಒಳ್ಳೆಯದಕ್ಕೂ ಬಳಕೆಯಾಗುತ್ತದೆಂದು ಗೊತ್ತಾದದ್ದು ಅಂದೇ.

ಪರೀಕ್ಷೆ ಹತ್ತಿರ ಬಂದಾಗ ಮತ್ತೊಮ್ಮೆ ಖಾನಾಪುರದ ಕಡೆ ಕೆಲಸವಿತ್ತು. ಸುಡುವ ಮಧ್ಯಾಹ್ನ. ಹುಡುಗಿಯರಿಗೆ ಇನ್ನೇನಾದರೂ ಪುಸ್ತಕ ಬೇಕೇ ಕೇಳೋಣವೆಂದು ಹೋಗಿ ಬಾಗಿಲು ತಟ್ಟಿದೆ.

"ಯಾರ್ರಿ?" ಪಾರಿಶ್ವಾಡದವಳ ದನಿ.

"ನಾನವ್ವಾ, ಡೈರೆಕ್ಟರ್."

ಒಳಗೆ ಗುಸುಗುಸು ಆಯಿತು. ಒಂದು ಕುರ್ಚಿ ಸರಿದ ಸದ್ದು. ಚಿಲಕ ತೆಗೆಯುತ್ತಾರೆಂದು ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ.

"ಗಂಡಸರಿಗೆ ನಾಕಕ್ಕ ತೆರಿತೈತ್ರಿ ಸಾಹೇಬ್ರ" ಎಂದಿತು ಬಾಗಿಲ ಆಚೆಯ ದನಿ, ಮರ್ಯಾದೆಯಿಂದಲೇ. "ಬೋರ್ಡ್ ಹಾಕೇತಲ್ರಿ, ಓದಿಲ್ಲೇನ್ರಿ?"

ಬೋರ್ಡು ಮೂಗಿನ ನೇರಕ್ಕೇ ಇತ್ತು, ಕೆಳಗೆ ಆದೇಶ ಕೊಟ್ಟವನೆಂದು ನನ್ನದೇ ಹುದ್ದೆಯ ಹೆಸರಿತ್ತು. ಪೂರ್ತಿ ಓದಿದೆ. ಡ್ರೈವರ್ ಜೀಪಿನಿಂದ ಇಳಿದು, "ಏನಾತ್ರಿ, ತೆಗೀಲಿಲ್ಲೇನು?" ಎಂದು ಕೇಳಿದ. ಇಲ್ಲವೆಂದು ತಲೆಯಾಡಿಸಿ, ನಾಲ್ಕು ಹೊಡೆಯುವ ತನಕ ಮೆಟ್ಟಿಲ ಮೇಲೆ ನೆರಳಿದ್ದ ಕಡೆ ಕೂತೆ.