ಅಪ್ಪನ ಕಪ್ಪು ಬೆರಳು

ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ನಾನು ಜೀವಶಾಸ್ತ್ರದ ಮೇಷ್ಟ್ರು. ಜೀವಕೋಶದ ಸಾವು ನನ್ನ ಮೆಚ್ಚಿನ ಪಾಠ; ಅದನ್ನು ಹೇಳುವಾಗ ಸ್ವಲ್ಪ ಜಂಬವೂ ಬರುತ್ತಿತ್ತು. ಕೋಶದ ಹೊರಮೈಗೆ ಒಂದು ಪ್ರೋಟೀನು ಬಂದು ಅಂಟಿಕೊಂಡು ಸಾವಿನ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಒಂದೇ, ಅದನ್ನು ಯಾವ ದಾರಿಗೆ ತಿರುಗಿಸಬೇಕೆಂಬುದು ಒಳಗಿನ ಪ್ರೋಟೀನುಗಳ ಕೈಯಲ್ಲಿದೆ. ಕ್ಯಾಸ್ಪೇಸ್ ಎಂಬ ಪ್ರೋಟೀನು ಎಚ್ಚೆತ್ತರೆ ಕೋಶ ತನ್ನನ್ನು ತಾನೇ ಚೂರು ಮಾಡಿಕೊಂಡು ಸದ್ದಿಲ್ಲದೆ ಹೋಗುತ್ತದೆ. ಆ ಚೂರುಗಳನ್ನು ನೆರೆಯ ಕೋಶಗಳು ನುಂಗಿಬಿಡುತ್ತವೆ. ಕ್ಯಾಸ್ಪೇಸಿಗೆ ತಡೆ ಬಿದ್ದರೆ ಬೇರೆ ಪ್ರೋಟೀನುಗಳು ಕೋಶದ ಪೊರೆಗೇ ತೂತು ಹಾಕುತ್ತವೆ. ಆಗ ಕೋಶ ಒಡೆದು ಸುತ್ತಲೂ ಬಾವು, ಬಿಸಿ, ನೋವು. ಹೆದರಬೇಕಾದ್ದು ಈ ಗದ್ದಲದ ಸಾವಿಗೆ ಮಾತ್ರ ಎಂದು ಮಕ್ಕಳಿಗೆ ಹೇಳುತ್ತಿದ್ದೆ.

ನಮ್ಮದು ಪಿಂಜಾರ ಮುಸಲ್ಮಾನರ ಮನೆ, ಮನೆಯ ಮಾತು ಕನ್ನಡವೇ. ಅಪ್ಪ ಟ್ರ್ಯಾಕ್ಟರ್ ಮೆಕ್ಯಾನಿಕ್, ಸಕ್ಕರೆ ಕಾಯಿಲೆಯವನು. ಹೋದ ವರ್ಷ ಒಂದು ಮಧ್ಯಾಹ್ನ ಕಾಲು ಮುಂದೆ ಚಾಚಿದ. ಹೆಬ್ಬೆರಳಿನ ತುದಿಯಲ್ಲಿ ಹುಣಸೆಬೀಜದಷ್ಟು ಕಪ್ಪು.

"ಡಾಕ್ಟರ್ ಕಡಿ ಹೋಗ್ಲೇನು?"

"ನೋವೈತೇನಪ್ಪಾ?"

"ಏನೂ ಇಲ್ಲ."

ಒತ್ತಿ ನೋಡಿದೆ. ಬಾವಿಲ್ಲ, ಬಿಸಿಯಿಲ್ಲ. "ಹಂಗಾರ ಏನೂ ಆಗಲ್ಲ ಬಿಡು, ತಾನ ಉದುರ್ತೈತಿ" ಅಂದೆ.

ಸಕ್ಕರೆ ಅವನ ಕಾಲಿನ ನರಗಳನ್ನು ಎಂದೋ ತಿಂದು ಹಾಕಿತ್ತು, ನೋವು ಗೊತ್ತಾಗುವುದಾದರೂ ಹೇಗೆ? ರಕ್ತವೇ ಸರಿಯಾಗಿ ಹರಿಯದ ಬೆರಳಿಗೆ ಬಾವು ಎಲ್ಲಿಂದ ಬರಬೇಕು? ಇದನ್ನೂ ನಾನು ಓದಿದ್ದೆ, ಆ ಹೊತ್ತಿಗೆ ನೆನಪಾಗಲಿಲ್ಲ. ಗ್ಯಾರೇಜಿಗೆ ಬಂದವರು ಆಸ್ಪತ್ರೆಗೆ ತೋರಿಸಲು ಹೇಳಿದರೆ ಅಪ್ಪ, "ನನ್ನ ಮಗ ನೋಡ್ಯಾನ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದನಂತೆ. ಮೂರು ವಾರಕ್ಕೆ ಕಪ್ಪು ಪಾದ ದಾಟಿತು. ದೊಡ್ಡಾಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು.

ನಮ್ಮಲ್ಲಿ ಕತ್ತರಿಸಿದ ಅಂಗವನ್ನೂ ಮಣ್ಣಿಗೆ ಕೊಡಬೇಕು. ಅದಕ್ಕೆ ನಮಾಜು ಇಲ್ಲ, ಅಷ್ಟೆ. ಬಿಳಿ ಬಟ್ಟೆಯಲ್ಲಿ ಸುತ್ತಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಾಡಿಗೆ ಕಾರಿನಲ್ಲಿ ಊರಿನ ಖಬರಸ್ತಾನಕ್ಕೆ ತಂದೆ. ಅಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ. ಗುಂಡಿ ನಾನೇ ತೋಡಿದೆ. ನನ್ನ ಜಂಬ ಅಪ್ಪನ ಕಾಲು ತಿಂದಿತಲ್ಲ ಎಂದು ಅಲ್ಲೇ ಕೂತು ಅತ್ತೆ.

ಮರುದಿನ ಆಸ್ಪತ್ರೆಗೆ ಹೋದೆ. ತಪ್ಪು ನನ್ನದೆಂದು ಹೇಳಬೇಕೆಂದೇ ಹೋಗಿದ್ದೆ. ಅಪ್ಪನೇ ಮೊದಲು ಬಾಯಿಬಿಟ್ಟ.

"ಎಲ್ಲಿ ಇಟ್ಟಿ?"

"ಅವ್ವನ ಗೋರಿ ಬಾಜೂಕ."

"ಛಲೋ ಆತು. ಉಳಿದಿದ್ದಕ್ಕ ಜಾಗ ಬಿಟ್ಟೀಯಿಲ್ಲೋ?"

ಅಪ್ಪ ತಮಾಷೆಗೆ ಕೇಳಿ ನಗುತ್ತಿದ್ದ. ಜಾಗ ಬಿಟ್ಟಿದ್ದೆ. ಹೆಜ್ಜೆ ಹಾಕಿ ಅಳೆದೇ ಬಿಟ್ಟಿದ್ದೆ.