ಬಣ್ಣ ಆಮೇಲೆ

ಕುಷ್ಟಗಿ ಹತ್ತಿರದ ದಾಳಿಂಬೆ ತೋಟಗಳಲ್ಲಿ ಕೂಲಿ ಮಾಡುವ ಕಳಕಪ್ಪನ ಮಗ ದುರುಗೇಶ. ಅವನ ಕಣ್ಣಿಗೆ ಕೆಂಪು, ಹಸಿರು ಎರಡೂ ಒಂದೇ ಬಗೆಯ ಮಣ್ಣಿನ ಬಣ್ಣ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹಣ್ಣು ಕೀಳಲು ಹೋದಾಗ ಕಾಯಿಗಳನ್ನೇ ಕಿತ್ತು ತೋಟದ ಮಾಲೀಕನಿಂದ ಬೈಸಿಕೊಂಡಿದ್ದ. ಡ್ರೈವರ್ ಕೆಲಸದ ಕಣ್ಣಿನ ತಪಾಸಣೆಯಲ್ಲಿ ಫೇಲಾಗಿ ಬಂದಾಗ, ಎತ್ತರ ಸಾಲಲಿಲ್ಲವೆಂದು ಮನೆಯಲ್ಲಿ ಸುಳ್ಳು ಹೇಳಿದ್ದ.

ಆಮೇಲೆ ಭಾಗ್ಯನಗರದ ಕಂಪ್ಯೂಟರ್ ಸೆಂಟರೊಂದರಲ್ಲಿ ವೆಬ್‌ಸೈಟ್ ಮಾಡುವುದನ್ನು ಕಲಿಯಲು ಸೇರಿದ. ಕೂತು ಮಾಡುವ ಕೆಲಸಕ್ಕೆ ಕಣ್ಣಿನ ಡಾಕ್ಟರ ಸರ್ಟಿಫಿಕೇಟು ಬೇಕಿಲ್ಲ ಎಂದುಕೊಂಡಿದ್ದ. ಆದರೆ ಅಲ್ಲಿಯೂ ಬಣ್ಣವೇ ಎದುರಾಯಿತು. ಪಕ್ಕದಲ್ಲಿ ಕೂರುವ ಮೇಘಾಳನ್ನು, 'ಇದು ಛಲೋ ಕಾಣ್ತೈತೇನು?' ಎಂದು ಮೆಲ್ಲಗೆ ಕೇಳಿ, ಅವಳ ಮುಖ ನೋಡಿ ಬಣ್ಣ ಬದಲಿಸುತ್ತ ದಿನ ದೂಡಿದ.

ಒಂದು ದಿನ ಮೇಘಾ ಬರಲಿಲ್ಲ. ಪಾಠ ಹೇಳುವ ಶಾಹಜಾದಬಿ ಮೇಡಂ, ಸಸಿ ಮಾರುವ ನರ್ಸರಿಗಾಗಿ ಅಂದು ಅವನೊಬ್ಬನೇ ಮಾಡಿದ್ದ ಪುಟವನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಎಲೆಗಳೆಲ್ಲ ಕಡುಗೆಂಪಾಗಿದ್ದವು.

'ಎಲಿ ಹಸಿರು ಮಾಡಪಾ,' ಎಂದರು ಮೇಡಂ.

ದುರುಗೇಶನ ಕೈ ಮೌಸಿನ ಮೇಲೆ ಹಾಗೇ ನಿಂತಿತು. 'ಮೇಡಂ, ನನಗ ಕೆಂಪು ಯಾವುದು, ಹಸಿರು ಯಾವುದು ತಿಳಿಯಂಗಿಲ್ರಿ. ಹುಟ್ಟಿದಾಗಿಂದ ಹಿಂಗ ಐತ್ರಿ,' ಎಂದವನೇ ಬ್ಯಾಗು ಎತ್ತಿಕೊಂಡ.

'ಎಲ್ಲಿಗೆ ಹೊಂಟಿ? ಕೂಡ್ರು.' ಮೇಡಂ ಎಲ್ಲರ ಪುಟಗಳನ್ನೂ ಒಂದೊಂದಾಗಿ ಕಪ್ಪು-ಬಿಳುಪಿಗೆ ತಿರುಗಿಸಿದರು. ಹಸಿರಿನ ಮೇಲೆ ಕೆಂಪಿನಲ್ಲಿ ಬರೆದವರ ಅಕ್ಷರಗಳು ಬೂದಿಯಲ್ಲಿ ಬೂದಿಯಾಗಿ ಕಲಸಿಹೋದವು. ತಿಳಿ-ಗಾಢ ನೋಡಿಯೇ ಮಾಡಿದ್ದ ದುರುಗೇಶನ ಪುಟದಲ್ಲಿ ನರ್ಸರಿಯ ಹೆಸರು, ಫೋನ್ ನಂಬರು ಎರಡೂ ದೂರದಿಂದಲೇ ಓದಿಸಿಕೊಂಡವು. ಸಾಲುಗಳು ಮಾತ್ರ ಒಂದು ಅಲ್ಲಿ, ಒಂದು ಇಲ್ಲಿ.

'ಎಡಗಡೆ ಒಂದ ಗೆರಿಗೆ ಕೂಡಿಸು, ಅಷ್ಟ ಸಾಕು,' ಎಂದು ಅವನಿಗೆ ಹೇಳಿ, ಮೇಡಂ ಎಲ್ಲರತ್ತ ತಿರುಗಿದರು. 'ಮಂದಿ ಮೊದಲ ಓದಬೇಕಾದ್ದು ದೊಡ್ಡದಿರಲಿ. ಒಂದಕ್ಕೊಂದು ಸಂಬಂಧ ಇದ್ದದ್ದು ಹತ್ರ ಇರಲಿ. ಸುತ್ತ ಜಾಗ ಖಾಲಿ ಬಿಡ್ರಿ, ಎಲ್ಲಾ ತುಂಬಬ್ಯಾಡ್ರಿ. ತಿಳಿ ಯಾವುದು, ಗಾಢ ಯಾವುದು ಅಂತ ಫರಕು ಕಾಣಲಿ. ಇವೆಲ್ಲ ಸರಿ ಕುಂತ ಮ್ಯಾಲ ಬಣ್ಣ. ದುರುಗೇಶ, ಕಂಪ್ಯೂಟರಿನ್ಯಾಗ ಒಂದೊಂದು ಬಣ್ಣಕ್ಕ ಒಂದೊಂದು ನಂಬರ್ ಇರ್ತೈತಿ. ನಂಬರ್ ಹಾಕು, ತಿಳಿಲಿಲ್ಲಂದ್ರ ಬಾಯಿಬಿಟ್ಟು ಕೇಳು.'

ದುರುಗೇಶ ಬ್ಯಾಗು ಕೆಳಗಿಟ್ಟು ಮತ್ತೆ ಮೌಸು ಹಿಡಿದ.

ಅಂದು ಸಂಜೆ ಊಟಕ್ಕೆ ಕೂತಾಗ ಅವ್ವನ ಮುಂದೆ ಎಲ್ಲವನ್ನೂ ಹೇಳಿದ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನಗತೊಡಗಿದಳು. 'ನಿಮ್ಮ ಮಾವ ಹೊಳಿಯಪ್ಪಗೂ ಹಿಂಗ ಐತೆಲೊ! ನನ್ನ ಲಗ್ನಕ್ಕ ಹಸಿರು ಸೀರಿ ತರ್ತೀನಂತ ಹೋಗಿ ಕೆಂಪು ತಂದಿದ್ದ.'

'ಮತ್ತ ನನಗ್ಯಾಕ ಹೇಳಲಿಲ್ಲವ್ವ?'

'ನಿನಗೂ ಹಂಗ ಐತಿ ಅಂತ ನನಗೇನು ಕನಸು ಬಿದ್ದಿತ್ತೇನು?'

ದುರುಗೇಶ ಕೂತಲ್ಲಿಂದಲೇ ಶ್ರೀರಾಮನಗರದ ಮಾವನಿಗೆ ಫೋನ್ ಹಚ್ಚಿದ. ಆ ಕಡೆಯಿಂದ ಹೊಳಿಯಪ್ಪನ ದೊಡ್ಡ ದನಿ ಅಡುಗೆಮನೆಯ ತುಂಬ ಕೇಳಿಸಿತು: 'ಅಳಿಯಾ, ನೀನೂ ನಮ್ಮ ಪೈಕೀನ ಏನಲೇ!'